ಮೊದಲ ಮತದ ವಿಳಾಸ

2024ರ ಲೋಕಸಭಾ ಚುನಾವಣೆ ಘೋಷಣೆಯಾದಾಗ ದೇಶದ ಮತದಾರರ ಪಟ್ಟಿಯಲ್ಲಿ ಸುಮಾರು 97 ಕೋಟಿ ಹೆಸರುಗಳಿದ್ದವು. ಅವುಗಳಲ್ಲಿ 18–19 ವಯಸ್ಸಿನವರು ಸುಮಾರು 1.8 ಕೋಟಿ. ಕೇಳಲು ದೊಡ್ಡ ಸಂಖ್ಯೆಯೇ. ಆದರೆ ಜನಸಂಖ್ಯೆಯ ಅಂದಾಜಿನಂತೆ ಆ ವಯಸ್ಸಿನವರು ದೇಶದಲ್ಲಿ ಹೆಚ್ಚುಕಡಿಮೆ 4.9 ಕೋಟಿ ಇದ್ದರು. ಅಂದರೆ ಹೊಸದಾಗಿ ಮತದ ಹಕ್ಕು ಬಂದ ಹತ್ತು ಮಂದಿಯಲ್ಲಿ ಆರು ಮಂದಿಯ ಹೆಸರು ಪಟ್ಟಿಗೇ ಸೇರಿರಲಿಲ್ಲ. ನಾವು ಪ್ರತಿ ಚುನಾವಣೆಯ ಸಂಜೆ ಎಷ್ಟು ಶೇಕಡಾ ಮತದಾನವಾಯಿತೆಂದು ಕಾತರದಿಂದ ನೋಡುತ್ತೇವೆ; ಆ ಲೆಕ್ಕ ಹಾಕುವುದು ಪಟ್ಟಿಯಲ್ಲಿರುವವರನ್ನು ಮಾತ್ರ ಇಟ್ಟುಕೊಂಡು. ಪಟ್ಟಿಗೇ ಬಾರದ ಮೂರು ಕೋಟಿ ಎಳೆಯರು ಮತ ಹಾಕದವರ ಲೆಕ್ಕದಲ್ಲೂ ಸಿಗುವುದಿಲ್ಲ. ಹೀಗಾಗಿ ಯಾವ ಸಂಜೆಯ ಚರ್ಚೆಯಲ್ಲೂ ಅವರ ಮಾತು ಬರುವುದಿಲ್ಲ.

ಇದಕ್ಕೆ ಎಲ್ಲರ ಬಾಯಲ್ಲೂ ಸಿದ್ಧವಾಗಿರುವ ವಿವರಣೆ ಒಂದೇ: ಈಗಿನ ಹುಡುಗರಿಗೆ ಆಸಕ್ತಿಯಿಲ್ಲ. ಈ ವಿವರಣೆಯನ್ನು ಅಂಕಿಗಳು ಒಪ್ಪುವುದಿಲ್ಲ. ಅದೇ ಚುನಾವಣೆಗೆ ತೆಲಂಗಾಣದಲ್ಲಿ ಆ ವಯಸ್ಸಿನ ಮೂರನೇ ಎರಡು ಭಾಗದಷ್ಟು ಮಂದಿ ನೋಂದಾಯಿಸಿಕೊಂಡಿದ್ದರು. ಬಿಹಾರ, ದೆಹಲಿ, ಉತ್ತರ ಪ್ರದೇಶಗಳಲ್ಲಿ ಕಾಲು ಭಾಗವೂ ಇರಲಿಲ್ಲ. ತೆಲಂಗಾಣದ ಹದಿನೆಂಟರ ಹರೆಯದವರಿಗೆ ಮಾತ್ರ ದೇಶದ ಚಿಂತೆ ಇದೆ, ದೆಹಲಿಯವರಿಗೆ ಇಲ್ಲ ಎಂದು ನಂಬಲು ಯಾವ ಆಧಾರವೂ ಇಲ್ಲ. ತೆಲಂಗಾಣದಲ್ಲಿ ಕೆಲವೇ ತಿಂಗಳ ಹಿಂದೆ, 2023ರ ನವೆಂಬರ್‌ನಲ್ಲಿ, ವಿಧಾನಸಭಾ ಚುನಾವಣೆ ನಡೆದಿತ್ತು. ಮತಗಟ್ಟೆ ಮಟ್ಟದ ಅಧಿಕಾರಿಗಳು (ಬಿಎಲ್‌ಒ) ಮನೆಮನೆ ತಿರುಗಿದ್ದರು, ಪಕ್ಷಗಳ ಕಾರ್ಯಕರ್ತರು ಹೊಸ ಹೆಸರುಗಳನ್ನು ಹುಡುಕಿ ಹುಡುಕಿ ಸೇರಿಸಿದ್ದರು. ವ್ಯವಸ್ಥೆ ಹುಡುಗರ ಬಳಿಗೆ ಹೋದ ಕಡೆ ಹೆಸರು ಸೇರಿದೆ, ಹುಡುಗರೇ ವ್ಯವಸ್ಥೆಯ ಬಳಿಗೆ ಬರಲಿ ಎಂದು ಕಾದ ಕಡೆ ಸೇರಿಲ್ಲ. ನನ್ನ ವಾದ ಇಲ್ಲಿಂದ ಮುಂದಿನದು. ಹದಿನೆಂಟು ತುಂಬಿದವರ ಮೊದಲ ರಾಜಕೀಯ ಪ್ರಶ್ನೆ ಯಾವ ಪಕ್ಷ ಎಂಬುದಲ್ಲ, ಯಾವ ಊರು ಎಂಬುದು. ಹೊಸ ಮತದಾರರ ಅರ್ಜಿಯಾದ ನಮೂನೆ 6ರಲ್ಲಿ ವಿಳಾಸದ ಅಂಕಣ ತುಂಬುವಾಗ ಅವರು ಯಾರ ಕಷ್ಟಸುಖವನ್ನು ತಮ್ಮದೆಂದುಕೊಳ್ಳುತ್ತಾರೋ ಅದರಿಂದಲೇ ಮುಂದಿನ ಒಲವು ಹುಟ್ಟುತ್ತದೆ. ಆ ಅಂಕಣ ತುಂಬುವುದನ್ನು ಕಷ್ಟ ಮಾಡಿಟ್ಟು, ಆಮೇಲೆ ಅವರಿಗೆ ರಾಜಕೀಯ ಪ್ರಜ್ಞೆ ಇಲ್ಲವೆಂದು ಮರುಗುವುದು ಸರಿಯಲ್ಲ.

ಹದಿನೆಂಟು ಊರು ಬಿಡುವ ವಯಸ್ಸು. ಪಿಯುಸಿ ಮುಗಿಸಿದ ರಾಯಚೂರಿನ ಹುಡುಗ ಧಾರವಾಡಕ್ಕೋ ಬೆಂಗಳೂರಿಗೋ ಹೊರಡುತ್ತಾನೆ; ಹಾಸನದ ಹುಡುಗಿ ಮೈಸೂರಿನ ಹಾಸ್ಟೆಲ್ ಸೇರುತ್ತಾಳೆ; ಪದವಿಯ ಮೆಟ್ಟಿಲು ಹತ್ತದವರು ಗಾರ್ಮೆಂಟ್ಸ್, ಗೋದಾಮು, ಡೆಲಿವರಿ ಕೆಲಸಗಳಿಗೆ ಸೇರಿ ನಾಲ್ಕು ಜನ ಕೂಡಿ ಒಂದು ರೂಮು ಮಾಡಿಕೊಳ್ಳುತ್ತಾರೆ. ಕಾನೂನು ಹೆಸರು ಬರೆಸು ಎನ್ನುವ ವರ್ಷವೇ ಬದುಕು ಗಂಟುಮೂಟೆ ಕಟ್ಟು ಎನ್ನುತ್ತದೆ. ರಾಜ್ಯಶಾಸ್ತ್ರಜ್ಞ ಮಾರ್ಕ್ ಫ್ರಾಂಕ್ಲಿನ್ 2004ರ ತಮ್ಮ ಪುಸ್ತಕದಲ್ಲಿ ಹಲವು ದೇಶಗಳ ಚುನಾವಣೆಗಳನ್ನು ಅಭ್ಯಾಸ ಮಾಡಿ ಇದನ್ನೇ ಹೇಳಿದ್ದಾರೆ: ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದ ಕಡೆಗಳಲ್ಲಿ ಮತದಾನದ ಪ್ರಮಾಣ ಕುಸಿಯಿತು, ಏಕೆಂದರೆ ಮನೆ ಬಿಟ್ಟು ಹೊರಡುವ ಹೊತ್ತು ಮತ ಹಾಕುವುದನ್ನು ಕಲಿಯಲು ಒಳ್ಳೆಯ ಹೊತ್ತಲ್ಲ, ಮೊದಲ ಚುನಾವಣೆ ತಪ್ಪಿಸಿಕೊಂಡವರು ಮುಂದಿನದನ್ನೂ ತಪ್ಪಿಸಿಕೊಳ್ಳುವುದು ಹೆಚ್ಚು. ಹಕ್ಕು ಕೊಟ್ಟದ್ದು ತಪ್ಪೆಂದು ಇದರಿಂದ ಸಾಬೀತಾಗುವುದಿಲ್ಲ. ಹಕ್ಕು ಕೊಟ್ಟ ವಯಸ್ಸಿಗೆ ಏನು ನೆರವು ಬೇಕು ಎಂಬುದನ್ನು ಇದು ತೋರಿಸುತ್ತದೆ.

ಭಾರತ ಆ ಹಕ್ಕನ್ನು ಕೊಟ್ಟಿದ್ದು 1989ರ ಮಾರ್ಚ್ 28ರಂದು, ಸಂವಿಧಾನದ 61ನೇ ತಿದ್ದುಪಡಿ ಜಾರಿಗೆ ಬಂದ ದಿನ. ಆದರೆ ಅರ್ಹತೆಯ ದಿನಾಂಕ ವರ್ಷಕ್ಕೆ ಒಂದೇ, ಜನವರಿ 1, ಎಂಬ ನಿಯಮ ಅದಾದ ಮೇಲೂ ಮೂರು ದಶಕ ಹಾಗೆಯೇ ಉಳಿಯಿತು. ಜನವರಿ 2ರಂದು ಹದಿನೆಂಟು ತುಂಬಿದವರು ಇಡೀ ವರ್ಷ ಕಾಯಬೇಕಾಗಿತ್ತು. 2021ರಲ್ಲಿ ಕಾನೂನು ತಿದ್ದಿದ ಮೇಲೆ, 2022ರ ಆಗಸ್ಟ್‌ನಿಂದ, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲ ದಿನಗಳು ನಾಲ್ಕೂ ಅರ್ಹತಾ ದಿನಾಂಕಗಳಾದವು. ಹದಿನೇಳು ದಾಟಿದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು ಎಂದಾಯಿತು. ಒಣ ನಿಯಮದಂತೆ ಕಾಣುವ ಈ ಬದಲಾವಣೆ ಎಷ್ಟು ದೊಡ್ಡದೆಂದು 2023ರ ಮೇ 10ರಂದು ನಡೆದ ಕರ್ನಾಟಕ ವಿಧಾನಸಭಾ ಚುನಾವಣೆಯನ್ನೇ ನೋಡಿ ತಿಳಿಯಬಹುದು. ಆಗ ಹದಿನೇಳು ದಾಟಿದ 1.25 ಲಕ್ಷಕ್ಕೂ ಹೆಚ್ಚು ಮಂದಿ ಮುಂಗಡ ಅರ್ಜಿ ಹಾಕಿದ್ದರು. ಅವರಲ್ಲಿ ಸುಮಾರು 41,000 ಮಂದಿಗೆ ಏಪ್ರಿಲ್ 1ರೊಳಗೆ ಹದಿನೆಂಟು ತುಂಬುತ್ತಿತ್ತು. ಹಳೆಯ ನಿಯಮವೇ ಇದ್ದಿದ್ದರೆ ಇವರು ಆ ಚುನಾವಣೆಯಿಂದ ಹೊರಗೆ. ತಮ್ಮ ಶಾಸಕರನ್ನು ಮೊದಲ ಬಾರಿ ಆರಿಸಲು 2028ರವರೆಗೆ, ಇಪ್ಪತ್ತಮೂರು ವಯಸ್ಸಿನವರೆಗೆ ಅವರು ಕಾಯಬೇಕಾಗುತ್ತಿತ್ತು. ಐದು ವರ್ಷ ಯಾವ ಶಾಸಕನಿಗೂ ಲೆಕ್ಕಕ್ಕಿಲ್ಲದವರಾಗಿ ಉಳಿದವರಲ್ಲಿ ರಾಜಕೀಯದ ಆಸಕ್ತಿ ತಾನಾಗಿಯೇ ಚಿಗುರಲಿ ಎಂದು ಬಯಸುವುದು ಹೇಗೆ?

ದಿನಾಂಕದ ತೊಡಕು ಹೀಗೆ ಬಹುಮಟ್ಟಿಗೆ ಬಗೆಹರಿದಿದೆ. ವಿಳಾಸದ ತೊಡಕು ಉಳಿದಿದೆ. 1950ರ ಪ್ರಜಾಪ್ರತಿನಿಧಿ ಕಾಯ್ದೆಯಂತೆ ಒಬ್ಬರ ಹೆಸರು ಒಂದೇ ಕ್ಷೇತ್ರದಲ್ಲಿ ಇರಬೇಕು, ಅದೂ ಅವರು ಸಾಮಾನ್ಯವಾಗಿ ವಾಸಿಸುವ ಕ್ಷೇತ್ರದಲ್ಲಿ. ಹಾಸ್ಟೆಲ್‌ನಲ್ಲಿ ಇರುವವರು ಎಲ್ಲಿಯ ವಾಸಿಗಳು? ಚುನಾವಣಾ ಆಯೋಗದ ಕೈಪಿಡಿ ಇದಕ್ಕೆ ಉದಾರವಾದ ಉತ್ತರವನ್ನೇ ಕೊಟ್ಟಿದೆ: ಮಾನ್ಯತೆ ಪಡೆದ, ಕನಿಷ್ಠ ಒಂದು ವರ್ಷದ ಕೋರ್ಸು ಓದುತ್ತಿರುವ ವಿದ್ಯಾರ್ಥಿ ತಂದೆತಾಯಿಯ ಊರಿನಲ್ಲಾದರೂ ಹೆಸರು ಬರೆಸಬಹುದು, ಹಾಸ್ಟೆಲ್ ಇರುವ ಕಡೆಯಾದರೂ ಬರೆಸಬಹುದು. ಎರಡನೆಯದಕ್ಕೆ ಕಾಲೇಜಿನ ಮುಖ್ಯಸ್ಥರ ದೃಢೀಕರಣ ಸಾಕು. ವಯಸ್ಸಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ನಡೆಯುತ್ತದೆ. ಇಷ್ಟು ಸರಳವಾದ ಅವಕಾಶ ವಿದ್ಯಾರ್ಥಿಗಳ ಕಿವಿಗೆ ಬೀಳುವುದೇ ಅಪರೂಪ. ಜನವರಿ 25ರ ರಾಷ್ಟ್ರೀಯ ಮತದಾರರ ದಿನ 2011ರಿಂದ ಕಾಲೇಜುಗಳಲ್ಲಿ ನಡೆಯುತ್ತದೆ. ಪ್ರತಿಜ್ಞೆ ಬೋಧಿಸುತ್ತಾರೆ, ಭಾಷಣ ಸ್ಪರ್ಧೆ, ರಂಗೋಲಿ ಸ್ಪರ್ಧೆ ಏರ್ಪಡಿಸುತ್ತಾರೆ. ಮತ ಪವಿತ್ರ ಎಂದು ಹೇಳುವ ಆ ವೇದಿಕೆಯಿಂದ ನಿಮಗೆ ಎರಡು ಊರುಗಳ ಆಯ್ಕೆಯಿದೆ, ಯೋಚಿಸಿ ಒಂದನ್ನು ಹೇಳಿ ಎಂಬ ಮಾತೂ ಬರಬೇಕು. ಪ್ರತಿಜ್ಞೆ ಆ ದಿನಕ್ಕೆ ಮುಗಿಯುತ್ತದೆ, ಆಯ್ಕೆ ಮಾಡಿದವರು ಅದರ ಪರಿಣಾಮವನ್ನು ನೋಡುತ್ತಾ ಹೋಗುತ್ತಾರೆ.

ಕಾಲೇಜಿನಲ್ಲಿ ಇಲ್ಲದವರ ಪಾಡು ಇನ್ನೂ ಕಷ್ಟ. ಪೀಣ್ಯದಲ್ಲೋ ಬೊಮ್ಮನಹಳ್ಳಿಯಲ್ಲೋ ಹೊಲಿಗೆ ಯಂತ್ರದ ಮುಂದೆ ಕೂತ ಹತ್ತೊಂಬತ್ತರ ಹುಡುಗಿಗೆ ದೃಢೀಕರಣ ಬರೆದುಕೊಡುವ ಪ್ರಾಂಶುಪಾಲರಿಲ್ಲ. ಬಾಡಿಗೆ ಕರಾರು ಬಾಯಿಮಾತಿನದು. ಕರೆಂಟ್ ಬಿಲ್ಲು ಮಾಲೀಕರ ಹೆಸರಿನಲ್ಲಿ. ಆಧಾರ್‌ನಲ್ಲಿರುವುದು ಊರಿನ ವಿಳಾಸ. ದಾಖಲೆ ಇಲ್ಲದಿದ್ದರೆ ಸ್ಥಳಕ್ಕೆ ಹೋಗಿ ಪರಿಶೀಲಿಸಿ ಎಂದು ನಿಯಮ ಬಿಎಲ್‌ಒಗೆ ಹೇಳುತ್ತದೆ. ಆದರೆ ಬಿಎಲ್‌ಒ ಎಂದರೆ ಬಹುತೇಕ ಕಡೆ ಶಾಲೆಯ ಶಿಕ್ಷಕಿಯೋ ಅಂಗನವಾಡಿ ಕಾರ್ಯಕರ್ತೆಯೋ; ತಮ್ಮ ಕೆಲಸ ಮುಗಿಸಿ ಅವರು ಬೀದಿಗಿಳಿಯುವ ಹೊತ್ತಿಗೆ ಈ ಹುಡುಗಿ ಪಾಳಿಯಲ್ಲಿರುತ್ತಾಳೆ, ಬೀಗ ಹಾಕಿದೆ ಎಂಬ ಷರಾ ಬೀಳುತ್ತದೆ. ಹೆಣ್ಣುಮಕ್ಕಳಿಗೆ ಇನ್ನೊಂದು ತಡೆಯೂ ಇದೆ. ಹೇಗೂ ಮದುವೆಯಾಗಿ ಹೋಗುತ್ತಾಳೆ, ಗಂಡನ ಮನೆಯಲ್ಲೇ ಬರೆಸಿದರಾಯಿತು ಎಂಬ ಮಾತು ಹಳ್ಳಿಗಳಲ್ಲಿ ಇನ್ನೂ ಬಳಕೆಯಲ್ಲಿದೆ. 2024ರ ಆ 1.8 ಕೋಟಿಯಲ್ಲಿ ಹುಡುಗಿಯರು 85 ಲಕ್ಷದಷ್ಟೇ. ಬದಲಾವಣೆ ಆಗುತ್ತಿಲ್ಲವೆಂದಲ್ಲ, ನಮೂನೆ 6ರಲ್ಲಿ ಸಂಬಂಧಿಯ ಹೆಸರಿನ ಜಾಗದಲ್ಲಿ ತಂದೆ, ತಾಯಿ, ಗಂಡ, ಹೆಂಡತಿಯ ಜೊತೆಗೆ ತೃತೀಯ ಲಿಂಗಿಗಳು ತಮ್ಮ ಗುರುವಿನ ಹೆಸರು ಬರೆಯಲು ಈಗ ಅವಕಾಶವಿದೆ. ಮನೆಯಿಂದ ಹೊರಬಿದ್ದವರನ್ನೂ ಗಮನದಲ್ಲಿಟ್ಟುಕೊಂಡು ನಮೂನೆ ಬರೆಯಬಲ್ಲ ವ್ಯವಸ್ಥೆಗೆ ರಾತ್ರಿ ಪಾಳಿಯ ಹುಡುಗಿಯನ್ನು ತಲುಪುವುದು ಅಸಾಧ್ಯವೇನಲ್ಲ.

ಊರಿನ ಆಯ್ಕೆ ಒಲವಿನ ಆಯ್ಕೆಯೂ ಹೇಗಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಬೆಂಗಳೂರಿನಲ್ಲಿ ಓದುವ ಸಿಂಧನೂರಿನ ವಿದ್ಯಾರ್ಥಿಯನ್ನು ಊಹಿಸಿಕೊಳ್ಳಿ. ಊರಿನಲ್ಲಿ ಹೆಸರಿದ್ದರೆ ಅವನು ತೂಗಿ ನೋಡಬೇಕಾದದ್ದು ತುಂಗಭದ್ರಾ ಎಡದಂಡೆ ನಾಲೆಯ ಕೊನೆಯ ಭಾಗಕ್ಕೆ ನೀರು ಬಂತೇ, ಭತ್ತಕ್ಕೆ ಬೆಲೆ ಸಿಕ್ಕಿತೇ ಎಂಬುದನ್ನು. ಅವನ ಕೈಯಲ್ಲಿರುವ ಕಲ್ಯಾಣ ಕರ್ನಾಟಕದ ಅರ್ಹತಾ ಪ್ರಮಾಣಪತ್ರವೂ ರಾಜಕೀಯದ ಫಲವೇ. ಆ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371ಜೆ ವಿಧಿ 2012ರ ತಿದ್ದುಪಡಿಯಿಂದ ಬಂದದ್ದು, ಅದರ ಹಿಂದೆ ಆ ಭಾಗದ ಜನರ ವರ್ಷಾನುಗಟ್ಟಲೆಯ ಹೋರಾಟವಿದೆ. ಬೆಂಗಳೂರಿನಲ್ಲಿ ಹೆಸರಿದ್ದರೆ ಪ್ರಶ್ನೆಗಳು ಬೇರೆ: ಬಸ್ಸು, ಮೆಟ್ರೊ ದರ, ಪಿ.ಜಿ. ಬಾಡಿಗೆ, ಬೇಸಿಗೆಯ ಟ್ಯಾಂಕರ್ ನೀರು. ಇವೆರಡರಲ್ಲಿ ಒಂದು ಮೇಲು ಒಂದು ಕೀಳು ಎಂದಿಲ್ಲ. ಆದರೆ ಯಾವುದನ್ನೂ ಆರಿಸದೆ ಇದ್ದವನಿಗೆ ಎರಡೂ ದೂರದ ಸುದ್ದಿಗಳಾಗುತ್ತವೆ, ಅವನ ಪಾಲಿಗೆ ರಾಜಕೀಯವೆಂದರೆ ಫೋನಿನ ಪರದೆಯಲ್ಲಿ ಕಾಣುವ ರಾಷ್ಟ್ರ ನಾಯಕರ ಜಗಳವಷ್ಟೇ ಆಗಿ ಉಳಿಯುತ್ತದೆ. ಅಂಥ ಒಲವಿಗೆ ಕಾವು ಇರುತ್ತದೆ. ಪರೀಕ್ಷಿಸಿ ನೋಡಲು ಕೈಗೆ ಸಿಗುವ ಸಂಗತಿ ಇರುವುದಿಲ್ಲ. ನಾಲೆಗೆ ನೀರು ಬಂತೋ ಇಲ್ಲವೋ ಎಂಬುದನ್ನು ಯಾವ ವಾಟ್ಸ್ಆ್ಯಪ್ ಸಂದೇಶವೂ ಮರೆಮಾಚಲಾರದು.

ಮಂಡ್ಯವನ್ನೂ ಬೆಂಗಳೂರು ದಕ್ಷಿಣವನ್ನೂ ಹೋಲಿಸಿ ನಗರದ ಯುವಜನರನ್ನು ಬೈಯುವುದು ಪ್ರತಿ ಸಲದ ರೂಢಿ. 2024ರಲ್ಲಿ ಮಂಡ್ಯದಲ್ಲಿ ಶೇ 81ರಷ್ಟು, ಬೆಂಗಳೂರು ದಕ್ಷಿಣದಲ್ಲಿ ಶೇ 53ರಷ್ಟು ಮತದಾನವಾಯಿತು, ನಿಜ. ಆದರೆ ಮತದಾನದ ಹಿಂದಿನ ರಾತ್ರಿ ಮೆಜೆಸ್ಟಿಕ್‌ನಿಂದ, ಸ್ಯಾಟಲೈಟ್ ನಿಲ್ದಾಣದಿಂದ ಹೊರಡುವ ಬಸ್ಸುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬೆಂಗಳೂರಿನಲ್ಲಿ ದುಡಿಯುವ ಎಷ್ಟೋ ಯುವಕರ ಮತ ಮಂಡ್ಯ, ತುಮಕೂರು, ಹಾಸನಗಳ ಲೆಕ್ಕದಲ್ಲಿದೆ. ಮತ್ತೆ ನಗರದ ಪಟ್ಟಿಯಲ್ಲಿ ಮನೆ ಬದಲಿಸಿ ಹೋದವರ, ತೀರಿಕೊಂಡವರ, ಎರಡೆರಡು ಕಡೆ ಇರುವವರ ಹೆಸರುಗಳು ಉಳಿದು ಶೇಕಡಾವಾರನ್ನು ಇನ್ನಷ್ಟು ಕೆಳಗೆ ತೋರಿಸುತ್ತವೆ. ನಗರದಲ್ಲಿ ಉದಾಸೀನರು ಇಲ್ಲವೆಂದು ನಾನು ಹೇಳುತ್ತಿಲ್ಲ. ಮುನ್ನೂರು ನಾನೂರು ರೂಪಾಯಿ ಖರ್ಚು ಮಾಡಿ, ನಿದ್ದೆಗೆಟ್ಟು ಊರಿಗೆ ಹೋಗಿ ಮತ ಹಾಕಿ ಬರುವ ಹುಡುಗನೂ ನಮ್ಮ ಲೆಕ್ಕದಲ್ಲಿ ಬೆಂಗಳೂರಿನ ಉದಾಸೀನ ಯುವಕನಾಗಿಬಿಡುತ್ತಾನೆ ಎಂಬುದು ನನಗೆ ನೋವಿನ ಸಂಗತಿ.

ಇನ್ನು ಒಲವಿನ ಮಾತು. ಯುವಜನರ ಮತವೆಂಬ ಪ್ರತ್ಯೇಕ ಮತಬ್ಯಾಂಕ್ ಇಲ್ಲ ಎಂಬುದು ಲೋಕನೀತಿ–ಸಿಎಸ್‌ಡಿಎಸ್ ಸಮೀಕ್ಷೆಗಳು ಮತ್ತೆ ಮತ್ತೆ ಕಂಡುಕೊಂಡ ಸಂಗತಿ. ಜಾತಿ, ವರ್ಗ, ಪ್ರದೇಶಗಳ ಪ್ರಕಾರ ಹಿರಿಯರು ಹೇಗೆ ಹಂಚಿಹೋಗುತ್ತಾರೋ ಬಹುಮಟ್ಟಿಗೆ ಕಿರಿಯರೂ ಹಾಗೆಯೇ ಹಂಚಿಹೋಗುತ್ತಾರೆ. ಇದನ್ನು ಹಿಡಿದು, ಅಪ್ಪ ಹೇಳಿದ ಗುರುತಿಗೆ ಒತ್ತಿ ಬರುವವರ ಹೆಸರು ಪಟ್ಟಿಯಲ್ಲಿದ್ದರೇನು ಬಿಟ್ಟರೇನು ಎಂದು ಕೇಳುವವರಿದ್ದಾರೆ. ಈ ಆಕ್ಷೇಪಕ್ಕೆ ಎರಡು ಉತ್ತರಗಳಿವೆ. ಮೊದಲನೆಯದು, ಮನೆಯಿಂದ ಬಂದ ಒಲವು ಕುರುಡು ಎಂದು ಯಾರೂ ಭಾವಿಸಬೇಕಿಲ್ಲ. ದೇವರಾಜ ಅರಸು ಅವರ ಕಾಲದ 1974ರ ಭೂಸುಧಾರಣೆಯಲ್ಲಿ ಗೇಣಿ ಹೊಲಕ್ಕೆ ಒಡೆತನ ಸಿಕ್ಕಿದ ಮನೆಯಲ್ಲಿ ಒಂದು ಪಕ್ಷದ ಬಗ್ಗೆ ಕೃತಜ್ಞತೆ ಉಳಿದಿದ್ದರೆ ಅದಕ್ಕೆ ಗಟ್ಟಿ ಕಾರಣವಿತ್ತು. ಭೂಮಿ ಕಳೆದುಕೊಂಡ ಮನೆಯ ಸಿಟ್ಟಿಗೂ ಕಾರಣವಿತ್ತು. 1980ರಲ್ಲಿ ನರಗುಂದ–ನವಲಗುಂದದ ರೈತರ ಮೇಲೆ ಗೋಲಿಬಾರ್ ನಡೆದ ಬಳಿಕ ಎಷ್ಟೋ ರೈತ ಮನೆಗಳ ಒಲವು ಬದಲಾದದ್ದಕ್ಕೂ ಕಾರಣವಿತ್ತು. ಮೊಮ್ಮಕ್ಕಳು ಮಾಡಬೇಕಾದದ್ದು ಆ ಕಾರಣವನ್ನು ಕೇಳಿ ತಿಳಿದುಕೊಳ್ಳುವುದು, ಅದು ಇಂದಿಗೂ ಹೊಂದುತ್ತದೆಯೇ ಎಂದು ನೋಡುವುದು. ನಾವು ಯಾಕೆ ಇವರಿಗೇ ಹಾಕುತ್ತೇವೆ ಎಂದು ಅಜ್ಜನನ್ನು ಕೇಳಿದ ಮೊಮ್ಮಗಳು ಕೊನೆಗೆ ಅದೇ ಗುರುತಿಗೆ ಒತ್ತಿದರೂ ಅದು ಅವಳ ಸ್ವಂತ ಮತ.

ಎರಡನೆಯ ಉತ್ತರ ಇದಕ್ಕಿಂತ ಮುಖ್ಯವಾದದ್ದು. ಇಪ್ಪತ್ತರ ಹರೆಯದವರಿಗೆ ತಮ್ಮದೇ ಆದ ವಿಷಯಗಳೂ ಇವೆ, ಅವು ಹಿರಿಯರ ಅನುಭವದಲ್ಲಿ ಇಲ್ಲ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲಿಗೆ ಜಾರಿಗೆ ತಂದ ರಾಜ್ಯ ಕರ್ನಾಟಕ. ಪದವಿಗೆ ನಾಲ್ಕು ವರ್ಷದ ಹಾದಿ ತೆರೆಯಿತು. 2023ರಲ್ಲಿ ಸರ್ಕಾರ ಬದಲಾಯಿತು. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿಗೆ ಆಯೋಗ ರಚನೆಯಾಯಿತು, 2024–25ರಿಂದ ಪದವಿ ಮತ್ತೆ ಮೂರು ವರ್ಷದ್ದಾಯಿತು. ಒಂದೇ ಕಾಲೇಜಿನಲ್ಲಿ ಅಕ್ಕ ಒಂದು ಪಠ್ಯಕ್ರಮದಲ್ಲಿ, ತಂಗಿ ಇನ್ನೊಂದರಲ್ಲಿ ಓದಿದರು. ಎರಡು ನೀತಿಗಳಲ್ಲಿ ಯಾವುದು ಒಳ್ಳೆಯದು ಎಂಬುದು ಚರ್ಚೆಗೆ ಬಿಟ್ಟದ್ದು. ಆದರೆ ಚುನಾವಣೆಯ ಫಲಿತಾಂಶ ತಮ್ಮ ಅಂಕಪಟ್ಟಿಯ ಮೇಲೆಯೇ ಅಚ್ಚಾಗಿರುವುದನ್ನು ಕಂಡ ಈ ತಲೆಮಾರಿಗೆ ರಾಜಕೀಯ ನಿಮಗೆ ಸಂಬಂಧಿಸಿದ್ದಲ್ಲ ಎಂದು ಹೇಳಲು ಯಾರಿಗೂ ಸಾಧ್ಯವಿಲ್ಲ. 545 ಪಿಎಸ್‌ಐ ಹುದ್ದೆಗಳ ಕಥೆಯೂ ಹೀಗೆಯೇ. 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು, ಅಕ್ರಮ ಹೊರಬಂದು 2022ರ ಏಪ್ರಿಲ್‌ನಲ್ಲಿ ನೇಮಕಾತಿ ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಧಾರವಾಡ, ಬೆಂಗಳೂರಿನ ವಿಜಯನಗರಗಳ ಕೋಚಿಂಗ್ ಕೇಂದ್ರಗಳಲ್ಲಿ ಎರಡು ವರ್ಷ ಹೆಚ್ಚಿಗೆ ಊಟದ ಡಬ್ಬಿ ಹಿಡಿದು ಕೂತವರು, ಆ ನಡುವೆ ವಯೋಮಿತಿ ಮೀರುವ ಭಯದಲ್ಲಿದ್ದವರು ಇದನ್ನು ಮರೆಯಬಾರದು. ಯುವನಿಧಿ ಇನ್ನೊಂದು. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಮಾಡಿದವರಿಗೆ 1,500 ರೂಪಾಯಿ, ಎರಡು ವರ್ಷದ ಮಿತಿ. 2023ರ ಪ್ರಣಾಳಿಕೆಯಲ್ಲಿ ಭರವಸೆಯಾಗಿದ್ದದ್ದು 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಚಾಲನೆ ಪಡೆಯಿತು. ಹಣ ಯಾರಿಗೆ ಮುಟ್ಟಿತು, ಯಾರಿಗೆ ಮುಟ್ಟಲಿಲ್ಲ, ಭತ್ಯೆ ಮೇಲೋ ಉದ್ಯೋಗ ಸೃಷ್ಟಿ ಮೇಲೋ ಎಂದು ಕೇಳುವ ಹಕ್ಕೂ ಅನುಭವವೂ ಇರುವುದು ಅವರಿಗೇ. ಭರವಸೆ ಕೊಟ್ಟವರನ್ನೂ ಅದನ್ನು ಟೀಕಿಸಿದವರನ್ನೂ ಇದೇ ಅಳತೆಯಲ್ಲಿ ಅಳೆಯಬಹುದು.

ಹಾಗೆ ಅಳೆಯಲು ಬೇಕಾದ ಸಾಮಗ್ರಿ ಹಿಂದೆಂದಿಗಿಂತ ಸುಲಭವಾಗಿ ಈಗ ಸಿಗುತ್ತದೆ. ಸುಪ್ರೀಂ ಕೋರ್ಟ್‌ನ 2002 ಮತ್ತು 2003ರ ತೀರ್ಪುಗಳಿಂದಾಗಿ ಪ್ರತಿ ಅಭ್ಯರ್ಥಿಯೂ ತನ್ನ ಆಸ್ತಿ, ಸಾಲ, ವಿದ್ಯಾಭ್ಯಾಸ, ಕ್ರಿಮಿನಲ್ ಮೊಕದ್ದಮೆಗಳ ಪ್ರಮಾಣಪತ್ರ ಸಲ್ಲಿಸಲೇಬೇಕು. ಅದು ಸಾರ್ವಜನಿಕ ದಾಖಲೆ. ನನ್ನ ಅಭಿಪ್ರಾಯದಲ್ಲಿ ಮೊದಲ ಬಾರಿ ಮತ ಹಾಕುವವರು ಓದಲೇಬೇಕಾದ ಕಾಗದ ಇದು. ಒಳ್ಳೆಯ ವ್ಯಕ್ತಿಯನ್ನು ಆರಿಸಿದರೆ ಸಾಕು, ಪಕ್ಷ ಯಾವುದಾದರೇನು ಎನ್ನುವ ಮಾತು ಎಳೆಯರ ಬಾಯಲ್ಲಿ ಹೆಚ್ಚು. ಅದರ ಹಿಂದಿನ ಪ್ರಾಮಾಣಿಕತೆಯನ್ನು ನಾನು ಗೌರವಿಸುತ್ತೇನೆ. ಆದರೆ 1985ರ ಪಕ್ಷಾಂತರ ನಿಷೇಧ ಕಾನೂನಿನಂತೆ ಶಾಸಕರು ಸದನದಲ್ಲಿ ಪಕ್ಷದ ವಿಪ್ ಮೀರಿದರೆ ಸ್ಥಾನ ಕಳೆದುಕೊಳ್ಳುತ್ತಾರೆ. ವ್ಯಕ್ತಿ ಎಷ್ಟೇ ಒಳ್ಳೆಯವರಾದರೂ ಬಟನ್ ಒತ್ತಿದ್ದು ಪಕ್ಷಕ್ಕೂ ಹೌದು. 2019ರಲ್ಲಿ ಕರ್ನಾಟಕದ ಸರ್ಕಾರ ಬಿತ್ತು, 17 ಶಾಸಕರು ಅನರ್ಹರಾದರು, ಡಿಸೆಂಬರ್‌ನಲ್ಲಿ 15 ಕ್ಷೇತ್ರಗಳಲ್ಲಿ ನಡೆದ ಉಪಚುನಾವಣೆಯಲ್ಲಿ ಅವರಲ್ಲಿ ಹೆಚ್ಚಿನವರು ಬೇರೆ ಪಕ್ಷದಿಂದ ನಿಂತು ಗೆದ್ದು ಬಂದರು. 2018ರಲ್ಲಿ ಆ ಕ್ಷೇತ್ರಗಳಲ್ಲಿ ಮೊದಲ ಮತ ಹಾಕಿದವರಿಗೆ ಪಕ್ಷಕ್ಕೆ ಹಾಕಿದೆವೋ ವ್ಯಕ್ತಿಗೆ ಹಾಕಿದೆವೋ ಎಂಬ ಪ್ರಶ್ನೆ ಒಂದೂವರೆ ವರ್ಷದಲ್ಲೇ ಎದುರಾಯಿತು. ಇದಕ್ಕೆ ಒಂದೇ ಸರಿಯುತ್ತರವಿಲ್ಲ. ಪ್ರಶ್ನೆಯನ್ನು ಮೊದಲೇ ಕೇಳಿಕೊಂಡಿರುವುದು ಒಳ್ಳೆಯದು.

ಇಷ್ಟೆಲ್ಲ ಯೋಚಿಸುವ ಪ್ರಬುದ್ಧತೆ ಹದಿನೆಂಟಕ್ಕೆ ಇರುತ್ತದೆಯೇ ಎಂಬ ಅನುಮಾನ 1989ರಲ್ಲೂ ಇತ್ತು, ಇಂದಿಗೂ ಇದೆ. ಇದನ್ನು ಪರೀಕ್ಷೆಗೆ ಒಡ್ಡಿದ ದೇಶ ಆಸ್ಟ್ರಿಯಾ. 2007ರಲ್ಲಿ ಅದು ಮತದಾನದ ವಯಸ್ಸನ್ನು 16ಕ್ಕೆ ಇಳಿಸಿತು. ಅಲ್ಲಿನ ಸಂಶೋಧಕರು ನೋಡಿದಾಗ, 16–17ರ ಮಕ್ಕಳ ಆಯ್ಕೆ ಅವರ ನಿಲುವುಗಳಿಗೆ ಹೊಂದುವುದರಲ್ಲಿ ಹಿರಿಯರದಕ್ಕಿಂತ ಹಿಂದೆ ಇರಲಿಲ್ಲ. ವಿಯೆನ್ನಾದ 2010ರ ಚುನಾವಣೆಯಲ್ಲಿ 18ರಿಂದ 20ರವರಿಗಿಂತ ಅವರೇ ಹೆಚ್ಚು ಪ್ರಮಾಣದಲ್ಲಿ ಮತ ಹಾಕಿದ್ದರು. ಮನೆಯಲ್ಲಿ, ಶಾಲೆಯಲ್ಲಿ ಇರುವಾಗಲೇ ಮೊದಲ ಮತ ಬಂದದ್ದು ಅದಕ್ಕೆ ಕಾರಣವೆಂದು ಅವರ ಊಹೆ. ನಮ್ಮಲ್ಲಿ ವಯಸ್ಸನ್ನು ಇನ್ನೂ ಇಳಿಸಬೇಕೆಂದು ನಾನು ವಾದಿಸುತ್ತಿಲ್ಲ. ಹದಿನೇಳರಲ್ಲಿ, ಪಿಯು ತರಗತಿಯಲ್ಲಿ, ಊರು ಬಿಡುವ ಮುನ್ನವೇ ಹೆಸರು ಬರೆಸಿಕೊಳ್ಳುವ ಅವಕಾಶ ನಮ್ಮ ಕಾನೂನಿನಲ್ಲೇ ಇರುವಾಗ ಅದನ್ನು ಪೂರ್ತಿ ಬಳಸಿಕೊಳ್ಳಬೇಕು ಎಂಬುದಷ್ಟೇ ನನ್ನ ಮಾತು.

ಇದಕ್ಕಿಂತ ಭಾರವಾದ ಆಕ್ಷೇಪ ಪಟ್ಟಿಯ ಶುದ್ಧತೆಯದು. ಹೆಸರು ಸೇರಿಸುವುದನ್ನು ಸಡಿಲ ಮಾಡಿದರೆ ಸುಳ್ಳು ಹೆಸರುಗಳು ನುಗ್ಗುತ್ತವೆ ಎಂಬ ಭಯ ಸುಮ್ಮನೆ ಹುಟ್ಟಿದ್ದಲ್ಲ. 2025ರ ಆಗಸ್ಟ್‌ನಲ್ಲಿ ರಾಹುಲ್ ಗಾಂಧಿ ಬೆಂಗಳೂರಿನ ಮಹದೇವಪುರ ಕ್ಷೇತ್ರದ ಪಟ್ಟಿಯಲ್ಲಿ ಭಾರಿ ಅಕ್ರಮ ನಡೆದಿದೆ, ಹೊಸ ಮತದಾರರಿಗೆಂದು ಇರುವ ನಮೂನೆ 6 ದುರ್ಬಳಕೆಯಾಗಿದೆ ಎಂದು ಆರೋಪಿಸಿದರು; ಚುನಾವಣಾ ಆಯೋಗ ಅದನ್ನು ತಳ್ಳಿಹಾಕಿತು. ಅದೇ ವರ್ಷ ಬಿಹಾರದಲ್ಲಿ ಆಯೋಗ ಕೈಗೊಂಡ ವಿಶೇಷ ತೀವ್ರ ಪರಿಷ್ಕರಣೆಯ ಗುರಿಯೂ ಶುದ್ಧ ಪಟ್ಟಿಯೇ. ಆದರೆ ಆ ಆದೇಶದಲ್ಲಿ ಅತಿ ಹೆಚ್ಚು ದಾಖಲೆ ಕೇಳಿದ್ದು ಎಳೆಯರಿಂದ. 2004ರ ಡಿಸೆಂಬರ್ 2ರ ನಂತರ ಹುಟ್ಟಿದವರು ತಮ್ಮದರ ಜೊತೆಗೆ ತಂದೆತಾಯಿ ಇಬ್ಬರ ದಾಖಲೆಯನ್ನೂ ಕೊಡಬೇಕಿತ್ತು. 2003ರ ಪಟ್ಟಿಯಲ್ಲಿ ಹೆತ್ತವರ ಹೆಸರಿದ್ದರೆ ಆ ಪುಟ ತೋರಿಸಬಹುದಿತ್ತು. ಹೆತ್ತವರೂ ಗುಳೆ ಹೋಗಿ ಪಟ್ಟಿಯಿಂದ ಹೊರಗುಳಿದಿದ್ದ ಮನೆಯ ಮಕ್ಕಳಿಗೆ ಇದು ಎಂಥ ಗೋಡೆ ಎಂದು ಯೋಚಿಸಬೇಕು. ಆಧಾರ್ ಅನ್ನೂ ಗುರುತಿನ ದಾಖಲೆಯಾಗಿ ಪರಿಗಣಿಸಬೇಕೆಂದು ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಸುಳ್ಳು ಹೆಸರನ್ನು ತಡೆಯಲು ಅತ್ಯಂತ ಭದ್ರವಾದ ದಾರಿ ಹಾಜರಾತಿ ಪುಸ್ತಕವಿರುವ ತರಗತಿ. ಹುಟ್ಟಿದ ದಿನಾಂಕ, ಭಾವಚಿತ್ರ, ತಂದೆತಾಯಿಯ ಹೆಸರು, ಪ್ರತಿದಿನ ಕಣ್ಣೆದುರು ಕೂರುವ ಮಗು, ಎಲ್ಲವೂ ಅಲ್ಲಿವೆ. ಹೀಗಾಗಿ ಶುದ್ಧ ಪಟ್ಟಿ ಬೇಕೆನ್ನುವವರೂ ತುಂಬಿದ ಪಟ್ಟಿ ಬೇಕೆನ್ನುವವರೂ ಪಿಯು ಕಾಲೇಜಿನ ಬಾಗಿಲಿಗೇ ಬರಬೇಕಾಗುತ್ತದೆ.

ಹೆಸರು ಸೇರಿತು ಎಂದುಕೊಳ್ಳೋಣ. ಅದನ್ನು ಬಳಸಿ ಕಲಿಯಲು ಚುನಾವಣೆಗಳೂ ಬೇಕಲ್ಲ. ಕರ್ನಾಟಕದ ಹಿಂದಿನ ತಲೆಮಾರು ರಾಜಕೀಯ ಕಲಿತದ್ದು ಭಾಷಣಗಳಿಂದಲ್ಲ. ಶಾಂತವೇರಿ ಗೋಪಾಲಗೌಡರ ಸಮಾಜವಾದಿ ಹಾದಿ, 1973ರ ಬೂಸಾ ಪ್ರಕರಣ ಕಾಲೇಜು ಹಾಸ್ಟೆಲ್‌ಗಳಲ್ಲಿ ಎಬ್ಬಿಸಿದ ಬಿರುಗಾಳಿ, ಅದರ ಬೆನ್ನಿಗೆ ಬಂದ ದಲಿತ ಸಂಘರ್ಷ ಸಮಿತಿ, 1982ರ ಗೋಕಾಕ್ ಚಳವಳಿ, ವಾರವಾರ ಕೈಯಿಂದ ಕೈಗೆ ಹೋಗುತ್ತಿದ್ದ ಲಂಕೇಶ್ ಪತ್ರಿಕೆ ಅವರನ್ನು ಬೆಳೆಸಿದವು. 1989ರಲ್ಲಿ ಹದಿನೆಂಟರವರಿಗೆ ಮತ ಬಂತು; ಹೆಚ್ಚುಕಡಿಮೆ ಅದೇ ಹೊತ್ತಿಗೆ ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತಿತು. ಹೊಡೆದಾಟ, ಕೊಲೆಗಳು ನಡೆದಿದ್ದವು, ಜಾತಿ ಗುಂಪುಗಳಾಗಿದ್ದವು, ಆ ಭಯ ನಿಜ. ಆದರೆ ಖರ್ಚಿಗೆ ಮಿತಿ, ವಯಸ್ಸಿಗೆ ಮಿತಿ, ಹಾಜರಾತಿಯ ಷರತ್ತು ಹಾಕಿ ಲಿಂಗ್ಡೊ ಸಮಿತಿ ಕೊಟ್ಟ ಶಿಫಾರಸುಗಳನ್ನು ಸುಪ್ರೀಂ ಕೋರ್ಟ್ 2006ರಲ್ಲೇ ಒಪ್ಪಿದೆ. ದೇಶದ ಸಂಸದರನ್ನು ಆರಿಸಲು ತಕ್ಕವರು ತಮ್ಮ ಗ್ರಂಥಾಲಯದ ಸಮಯ ಕೇಳುವ ಪ್ರತಿನಿಧಿಯನ್ನು ಆರಿಸಲು ತಕ್ಕವರಲ್ಲ ಎನ್ನುವುದು ಒಪ್ಪುವ ಮಾತಲ್ಲ.

ಕಾಲೇಜಿನ ಆಚೆಯೂ ಇದೇ ಕೊರತೆ. ಬೆಂಗಳೂರು ಪಾಲಿಕೆಗೆ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. ಆ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. ಆ ಚುನಾವಣೆಯಿಂದ ಹತ್ತು ವರ್ಷ ತುಂಬಿದಾಗಲೂ ಮತ್ತೊಂದು ನಡೆದಿರಲಿಲ್ಲ. 2015ರ ಕೊನೆಯಲ್ಲಿ ಹದಿನೆಂಟು ತುಂಬಿದ ಬೆಂಗಳೂರಿನ ಹುಡುಗಿ ಇಪ್ಪತ್ತೆಂಟು ಮುಟ್ಟುವವರೆಗೂ ತನ್ನ ಬೀದಿಯ ಕಸ, ಮೋರಿ, ದೀಪಗಳಿಗೆ ಹೊಣೆಯಾದ ಕಾರ್ಪೊರೇಟರ್‌ಗೆ ಒಮ್ಮೆಯೂ ಮತ ಹಾಕಲಾಗಲಿಲ್ಲ. ಹಳ್ಳಿಯ ಕಡೆ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರ ಫೆಬ್ರುವರಿಯಲ್ಲಿ ಚುನಾವಣೆ ನಡೆದು, 2021ರಲ್ಲಿ ಅವಧಿ ಮುಗಿದು, ಆಮೇಲೆ ವರ್ಷವರ್ಷಗಳ ಕಾಲ ಅಧಿಕಾರಿಗಳೇ ಆಡಳಿತ ನಡೆಸಿದರು. ಮೀಸಲಾತಿ ಪಟ್ಟಿ, ಕ್ಷೇತ್ರ ಮರುವಿಂಗಡಣೆ, ಕೋರ್ಟ್ ವ್ಯಾಜ್ಯ ಎಂದು ಕಾರಣಗಳು ಬದಲಾಗುತ್ತಾ ಹೋದವು, ಸರ್ಕಾರಗಳೂ ಬದಲಾದವು, ಚುನಾವಣೆ ಬರಲಿಲ್ಲ. ಹೊಸ ಮತದಾರರ ಕೈಗೆ ಸಿಗುವಷ್ಟು ಹತ್ತಿರದಲ್ಲಿರುವುದು ಈ ಚುನಾವಣೆಗಳೇ. ಇಲ್ಲಿ ಅಭ್ಯರ್ಥಿಯ ಮನೆ ಗೊತ್ತು, ಕೊಟ್ಟ ಮಾತು ನಡೆಯಿತೋ ಇಲ್ಲವೋ ಎಂಬುದನ್ನು ನಡೆದು ಹೋಗಿ ನೋಡಿ ಬರಬಹುದು. ಇವು ಇಲ್ಲವಾದಾಗ ರಾಜಕೀಯ ಒಲವಿಗೆ ಉಳಿಯುವುದು ದೊಡ್ಡ ನಾಯಕರ ಮುಖಗಳು ಮಾತ್ರ.

ಮುಂದಿನ ವಿಧಾನಸಭಾ ಚುನಾವಣೆ 2028ರ ಬೇಸಿಗೆಯಲ್ಲಿ ಬರಬೇಕು. ಅದು ಎಂದಿನಂತೆ ಮೇ ತಿಂಗಳಲ್ಲಿ ನಡೆದರೆ 2010ರ ಏಪ್ರಿಲ್ 1ರೊಳಗೆ ಹುಟ್ಟಿದ ಪ್ರತಿಯೊಬ್ಬರಿಗೂ ಅದರಲ್ಲಿ ಮತದ ಹಕ್ಕಿರುತ್ತದೆ. ಪಿಯು ಕಾಲೇಜುಗಳು 2027ರ ಡಿಸೆಂಬರ್‌ಗೆ ಮೊದಲು ಹದಿನೇಳು ದಾಟಿದವರೆಲ್ಲರಿಂದ ನಮೂನೆ 6 ಬರೆಸಿಕೊಳ್ಳಲಿ. ಪದವಿ ಕಾಲೇಜುಗಳು ಪ್ರವೇಶದ ಅರ್ಜಿಯ ಜೊತೆಗೇ ವಿಳಾಸ ಬದಲಾವಣೆಯ ನಮೂನೆ 8 ಇಟ್ಟು, ಊರು ಬೇಕೋ ಹಾಸ್ಟೆಲ್ ಬೇಕೋ ಎಂದು ಕೇಳಲಿ. ಕಾರ್ಖಾನೆಗಳಿಗೆ ಬಿಎಲ್‌ಒಗಳು ಪಾಳಿ ಬದಲಾಗುವ ಹೊತ್ತಿಗೆ ಹೋಗಲಿ, ಅದಕ್ಕೆ ತಕ್ಕ ಭತ್ಯೆ ಅವರಿಗೆ ಸಿಗಲಿ. ಹೊಸ ಕಾನೂನೇನೂ ಇದಕ್ಕೆ ಬೇಕಿಲ್ಲ. ಆ ಮಕ್ಕಳು ಈಗ ಹೈಸ್ಕೂಲು, ಪಿಯು ತರಗತಿಗಳಲ್ಲಿ ಇದ್ದಾರೆ. ಅವರ ಹುಟ್ಟಿದ ದಿನಾಂಕ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಈಗಾಗಲೇ ಇದೆ.